ಕುವೈತ್: ಗಡಿ, ಸುಂಕ, ಕಳ್ಳಸಾಗಣೆ

ಕುವೈತಿನ ಕಳ್ಳಸಾಗಣೆಯ ಚರಿತ್ರೆಯನ್ನು ಆ ಊರಿನ ವ್ಯಾಪಾರದ ಚರಿತ್ರೆಯಿಂದ ಬಿಡಿಸಿ ಬರೆಯಲು ಬರುವುದಿಲ್ಲ. ಪರ್ಷಿಯನ್ ಕೊಲ್ಲಿಯ ವಾಯವ್ಯ ಮೂಲೆಯಲ್ಲಿ, ಶತ್ ಅಲ್ ಅರಬ್ ನದಿ ಕಡಲು ಸೇರುವ ಜಾಗದ ಹತ್ತಿರ ಇರುವ ಈ ಬಂದರನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮಧ್ಯ ಅರೇಬಿಯದಿಂದ ಬಂದ ಬನೂ ಉತೂಬ್ ಕುಲದವರು ಬೆಳೆಸಿದರು. ಅವರ ಪೈಕಿ ಅಲ್ ಸಬಾಹ್ ಮನೆತನ ಆ ಶತಮಾನದ ನಡುವಿನಿಂದ ಇಂದಿನವರೆಗೂ ಅಲ್ಲಿ ಆಳುತ್ತ ಬಂದಿದೆ. ಊರಿನಲ್ಲಿ ಬೆಳೆ ಇರಲಿಲ್ಲ, ಮರ ಇರಲಿಲ್ಲ, ಸಿಹಿನೀರು ಸಾಲುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನ ಹುಟ್ಟಿದ ಮೇಲೂ ಕುಡಿಯುವ ನೀರನ್ನು ಶತ್ ಅಲ್ ಅರಬ್‌ನಿಂದ ದೋಣಿಗಳಲ್ಲಿ ತುಂಬಿ ತರುತ್ತಿದ್ದರು. ಅಕ್ಕಿ, ಬಟ್ಟೆ, ಸಾಂಬಾರ ಪದಾರ್ಥ ಭಾರತದಿಂದ ಬರಬೇಕು, ಖರ್ಜೂರ ಬಸ್ರಾದಿಂದ ಬರಬೇಕು, ಹಡಗು ಕಟ್ಟುವ ತೇಗದ ಮರ ಮಲಬಾರಿನಿಂದ ಬರಬೇಕು. ಊರಿನದೇ ಸರಕು ಎಂದರೆ ಮುತ್ತು ಒಂದೇ. ಉಳಿದದ್ದೆಲ್ಲ ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರುವ ಕಸುಬು.

ಆ ಕಸುಬಿನ ದಾರಿ ಎರಡು ಕಡೆಗೆ ಚಾಚಿಕೊಂಡಿತ್ತು. ಕಡಲ ಕಡೆಗೆ ಬೂಮ್ ಎಂಬ ದೊಡ್ಡ ಹಾಯಿಹಡಗುಗಳು ಬಸ್ರಾದ ಖರ್ಜೂರ ಹೇರಿಕೊಂಡು ಕರಾಚಿ, ಮುಂಬಯಿ, ಕೊಂಕಣ, ಕೆನರಾ, ಮಲಬಾರ್ ತೀರಗಳಿಗೂ, ಏಡನ್ ಮತ್ತು ಝಾಂಜಿಬಾರ್‌ಗೂ ಹೋಗುತ್ತಿದ್ದವು. ನಮ್ಮ ಮಳೆಗಾಲ ಮುಗಿದ ಮೇಲೆ ಹೊರಟು, ಮುಂದಿನ ಮಳೆ ಹಿಡಿಯುವ ಮೊದಲೇ ಊರು ಸೇರಬೇಕು. ಹಡಗಿನ ಒಡೆತನ ಯಾರದೇ ಆಗಿರಲಿ, ಪ್ರಯಾಣದ ಪೂರ್ಣ ಹೊಣೆ ನಖೋದಾ ಎಂಬ ನಾಯಕನದು; ಕೊಳ್ಳುವುದು, ಮಾರುವುದು, ಸಾಲ ತರುವುದು ಎಲ್ಲವೂ ಅವನ ಪಾಲಿಗೆ. ನೆಲದ ಕಡೆಗೆ ಬೆದೂಯಿನ್ ಬುಡಕಟ್ಟಿನವರು ಕುರಿ, ಉಣ್ಣೆ, ತುಪ್ಪ, ಒಂಟೆ ತಂದು ಮಾರಿ ಅಕ್ಕಿ, ಬಟ್ಟೆ, ಕಾಫಿ, ಸಕ್ಕರೆ ಒಯ್ಯುತ್ತಿದ್ದರು. ಈ ಎರಡು ದಾರಿ ಕೂಡುವ ಚೌಕವೇ ಕುವೈತ್. ಅಲ್ಲಿನ ಸುಂಕ ಹಗುರ, ಕೇಳುವವರು ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಓಟೊಮನ್ ಅಧಿಕಾರಿಗಳು ಕುದುರೆಗಳ ರಫ್ತಿಗೆ ಆಗಾಗ ತಡೆ ಹಾಕುತ್ತಿದ್ದರು. ಬ್ರಿಟಿಷರ ಸೈನ್ಯಕ್ಕೂ ಮುಂಬಯಿಯ ಕುದುರೆ ವ್ಯಾಪಾರಿಗಳಿಗೂ ಬೇಕಾಗಿದ್ದ ಅರಬ್ಬೀ ಕುದುರೆ ಅಂಥ ಸಮಯದಲ್ಲಿ ಬಸ್ರಾ ಬಿಟ್ಟು ಕುವೈತಿನಂಥ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಯಾವುದು ವ್ಯಾಪಾರ, ಯಾವುದು ಕಳ್ಳಸಾಗಣೆ ಎಂಬುದನ್ನು ಕುವೈತಿನವರು ತೀರ್ಮಾನಿಸಲಿಲ್ಲ. ಅಕ್ಕಪಕ್ಕದ ಬಲಿಷ್ಠರು ಹಾಕಿದ ಕಟ್ಟಳೆಗಳು ತೀರ್ಮಾನಿಸಿದವು. ಮುಂದಿನ ನೂರು ವರ್ಷ ಕುವೈತಿನ ಸುತ್ತ ಹುಟ್ಟಿದ ಜಗಳಗಳಲ್ಲಿ ಹೆಚ್ಚಿನವುಗಳ ಒಳಗೆ ಒಂದು ಸುಂಕದ ತಕರಾರು ಅಡಗಿತ್ತು.

1896ರಲ್ಲಿ ಶೇಖ್ ಮುಬಾರಕ್ ತನ್ನ ಇಬ್ಬರು ಸಹೋದರರನ್ನು ಕೊಂದು ಅಧಿಕಾರ ಹಿಡಿದ. ಓಟೊಮನ್ನರ ಭಯ ಅವನನ್ನು ಬ್ರಿಟಿಷರ ಕಡೆಗೆ ದೂಡಿತು. 1899ರ ಜನವರಿ 23ರಂದು ಆದ ಗುಟ್ಟಿನ ಒಪ್ಪಂದದಲ್ಲಿ ಬ್ರಿಟಿಷರ ಅನುಮತಿ ಇಲ್ಲದೆ ಬೇರೆ ಯಾವ ರಾಷ್ಟ್ರಕ್ಕೂ ನೆಲ ಕೊಡುವುದಿಲ್ಲ, ಬೇರೆಯವರ ಪ್ರತಿನಿಧಿಯನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅವನು ಬರೆದುಕೊಟ್ಟ. ಪ್ರತಿಯಾಗಿ ಬಂದದ್ದು 15,000 ರೂಪಾಯಿ. ಹಣ ರೂಪಾಯಿಯಲ್ಲಿ ಬಂದದ್ದು ಸಹಜವೇ, ಕೊಲ್ಲಿಯ ಸಂಸ್ಥಾನಗಳ ವ್ಯವಹಾರ ಆಗ ಬ್ರಿಟಿಷ್ ಇಂಡಿಯಾ ಸರ್ಕಾರದ ಕೈಯಲ್ಲಿತ್ತು. ಮರುವರ್ಷ ಅವನಿಂದ ಇನ್ನೊಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು: ಕುವೈತಿನಲ್ಲಿ ಶಸ್ತ್ರಗಳ ಆಮದು, ರಫ್ತು ನಿಷೇಧ. ಕಾರಣ ಭಾರತದ ವಾಯವ್ಯ ಗಡಿ. ಮಸ್ಕತ್ತಿನಲ್ಲಿ ಇಳಿಯುತ್ತಿದ್ದ ಯೂರೋಪಿನ ಬಂದೂಕುಗಳು ಮಕ್ರಾನ್ ತೀರ ದಾಟಿ ಪಠಾಣರ ಕೈ ಸೇರುತ್ತಿದ್ದವು. ಕುವೈತಿನ ಬಂದೂಕಿನ ದಾರಿ ಮಾತ್ರ ಬೇರೆ, ಅದು ಮರುಭೂಮಿಯ ಒಳಕ್ಕೆ ಹೋಗುತ್ತಿತ್ತು. ಮುಂದೆ ಸೌದಿ ಅರೇಬಿಯವನ್ನು ಕಟ್ಟಿದ ಇಬ್ನ್ ಸೌದ್ ತನ್ನ ಮನೆತನದೊಂದಿಗೆ ಕುವೈತಿನಲ್ಲೇ ಆಶ್ರಯ ಪಡೆದಿದ್ದು, ಅಲ್ಲಿಂದಲೇ ಹೊರಟು 1902ರ ಜನವರಿಯಲ್ಲಿ ರಿಯಾದ್ ಹಿಡಿದವನು. ಒಳನಾಡಿನಲ್ಲಿ ಕಾಳಗ ನಡೆಯುತ್ತಿರುವಾಗ ಬಂದೂಕಿಗೆ ಬೇಡಿಕೆ ಬತ್ತಲಿಲ್ಲ, ಮುಚ್ಚಳಿಕೆಯಾದ ಮೇಲೂ ವ್ಯಾಪಾರ ನಿಲ್ಲಲಿಲ್ಲ. 1904ರಲ್ಲಿ ಕುವೈತಿಗೆ ಬಂದ ಮೊದಲ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ನಾಕ್ಸ್ ಮತ್ತು ಅವನ ನಂತರ ಬಂದವರ ಕೆಲಸಗಳಲ್ಲಿ ಈ ಸಾಗಣೆಯ ಮೇಲೆ ಕಣ್ಣಿಡುವುದೂ ಸೇರಿತ್ತು.

ಮುಬಾರಕ್‌ನ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಯುದ್ಧದ ಖರ್ಚಿಗಾಗಿ ಅವನು ವ್ಯಾಪಾರಿಗಳ ಮೇಲೆ ತೆರಿಗೆ ಏರಿಸುತ್ತ ಹೋದಾಗ 1910ರ ಹೊತ್ತಿಗೆ ಹಿಲಾಲ್ ಅಲ್ ಮುತೈರಿ ಮೊದಲಾದ ದೊಡ್ಡ ಮುತ್ತಿನ ವರ್ತಕರು ಊರನ್ನೇ ಬಿಟ್ಟು ಹೊರಟರು. ಅವರೊಂದಿಗೆ ಹಡಗುಗಳೂ ಮುಳುಗುಗಾರರೂ ಹೋಗುವ ಅಪಾಯವಿತ್ತು. ಮುಬಾರಕ್ ತಗ್ಗಿ, ಅವರನ್ನು ಒಲಿಸಿ ಮರಳಿ ಕರೆಸಿಕೊಳ್ಳಬೇಕಾಯಿತು. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಜಿಲ್ ಕ್ರಿಸ್ಟಲ್ ಕುವೈತ್ ಮತ್ತು ಕತಾರ್‌ಗಳ ಅರಸರು ಹಾಗೂ ವರ್ತಕರನ್ನು ಕುರಿತು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಘಟನೆಗಳ ಮೇಲೆಯೇ ನಿಂತಿದೆ. ಎಣ್ಣೆ ಸಿಗುವ ಮೊದಲು ಅರಸನ ಬೊಕ್ಕಸ ವರ್ತಕರ ಸುಂಕದಿಂದ ತುಂಬುತ್ತಿದ್ದುದರಿಂದ ಅವರ ಮಾತಿಗೆ ಬೆಲೆಯಿತ್ತು. ಎಣ್ಣೆ ಬಂದ ಮೇಲೆ ಸಂಪತ್ತು ಪಡೆದು ಅವರು ರಾಜಕೀಯವನ್ನು ಬಿಟ್ಟುಕೊಟ್ಟರು ಎಂಬುದು ಆಕೆಯ ವಾದ. ಕುವೈತಿನ ಅರಸರು ನೆರೆಯವರ ಒತ್ತಾಯಕ್ಕೆ ಮಣಿದು ಕಳ್ಳಸಾಗಣೆಯನ್ನು ಹತ್ತಿಕ್ಕಲು ಏಕೆ ಹಿಂಜರಿಯುತ್ತಿದ್ದರು ಎಂಬ ಪ್ರಶ್ನೆಗೂ ಇದರಲ್ಲಿ ಉತ್ತರ ಸಿಗುತ್ತದೆ. ಹತ್ತಿಕ್ಕಿದರೆ ಪೆಟ್ಟು ಬೀಳುತ್ತಿದ್ದುದು ತಮ್ಮದೇ ಆದಾಯದ ಮೇಲೆ.

ಮೊದಲ ಮಹಾಯುದ್ಧದಲ್ಲಿ ಈ ಇಕ್ಕಟ್ಟು ಬಯಲಿಗೆ ಬಂತು. ಬ್ರಿಟಿಷರು ಮೆಸೊಪೊಟೇಮಿಯದಲ್ಲಿ ತುರ್ಕರೊಡನೆ ಹೋರಾಡುತ್ತಿದ್ದಾಗ ಭಾರತದಿಂದ ಕುವೈತಿನಲ್ಲಿ ಇಳಿದ ಅಕ್ಕಿ, ಬಟ್ಟೆ, ಸಕ್ಕರೆ ಒಂಟೆಗಳ ಮೇಲೆ ಏರಿ ತುರ್ಕರ ಪಾಳೆಯ ಮುಟ್ಟುತ್ತಿದ್ದವು. ಸಮುದ್ರವನ್ನು ಕಾಯುವ ನೌಕಾಪಡೆ ಮರುಭೂಮಿಯನ್ನು ಕಾಯಲಾರದು. 1917ರಲ್ಲಿ ಪಟ್ಟಕ್ಕೆ ಬಂದ ಶೇಖ್ ಸಾಲಿಂ ಬ್ರಿಟಿಷರ ಎಚ್ಚರಿಕೆಗಳಿಗೆ ಅಷ್ಟಾಗಿ ಕಿವಿಗೊಡಲಿಲ್ಲ. 1918ರ ಫೆಬ್ರವರಿಯಲ್ಲಿ ಬ್ರಿಟಿಷರು ತಮ್ಮ ರಕ್ಷಣೆಯಲ್ಲಿದ್ದ ಬಂದರಿಗೇ ದಿಗ್ಬಂಧನ ಹಾಕಿದರು.

ಯುದ್ಧ ಮುಗಿದ ಮೇಲೆ ಗಡಿಗಳ ಕಾಲ ಬಂತು. 1920ರಲ್ಲಿ ಇಬ್ನ್ ಸೌದ್‌ನ ಇಖ್ವಾನ್ ಪಡೆಗಳ ಭಯದಿಂದ ಕುವೈತಿನ ಜನ ಕೆಲವೇ ತಿಂಗಳಲ್ಲಿ ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದರು. ಅಕ್ಟೋಬರಿನಲ್ಲಿ ಜಹ್ರಾದ ಕೆಂಪು ಕೋಟೆಯ ಬಳಿ ಭೀಕರ ಕಾಳಗವಾಯಿತು. 1922ರ ಕೊನೆಗೆ ಉಖೈರ್ ಎಂಬಲ್ಲಿ ಸೇರಿದ ಸಭೆಯಲ್ಲಿ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದ. 1913ರ ಆಂಗ್ಲೋ-ಓಟೊಮನ್ ಒಡಂಬಡಿಕೆಯಲ್ಲಿ ಕುವೈತಿನದೆಂದು ಗುರುತಿಸಿದ್ದ ನೆಲದ ಸುಮಾರು ಮೂರನೇ ಎರಡು ಭಾಗ ಇಬ್ನ್ ಸೌದ್‌ಗೆ ಹೋಯಿತು. ಆ ಸಭೆಯಲ್ಲಿ ಕುವೈತಿನ ಪರವಾಗಿ ಕೂತಿದ್ದವನು ಕುವೈತಿನವನಲ್ಲ, ಬ್ರಿಟಿಷ್ ಏಜೆಂಟ್ ಮೇಜರ್ ಮೋರ್. ಬುಡಕಟ್ಟಿನವರು ಹುಲ್ಲು ನೀರು ಅರಸಿ ತಿರುಗುತ್ತಿದ್ದ ಬಯಲು ಒಂದೇ ಸಂಜೆಯಲ್ಲಿ ಎರಡು ರಾಜ್ಯಗಳಾಯಿತು.

ನೆಲ ಕಳೆದುಕೊಂಡದ್ದಕ್ಕಿಂತ ಸಂತೆ ಕಳೆದುಕೊಂಡದ್ದು ಕುವೈತಿಗೆ ಹೆಚ್ಚು ನೋವು ಕೊಟ್ಟಿತು. ಬುಡಕಟ್ಟಿನವರು ಕುವೈತಿಗೆ ಬಂದು ವ್ಯಾಪಾರ ಮಾಡಿ ಹೋಗುವ ಪದ್ಧತಿಗೆ ಮುಸಾಬಲಾ ಎನ್ನುತ್ತಿದ್ದರು. ತನ್ನ ಪ್ರಜೆಗಳು ಕೊಳ್ಳುವ ಸರಕಿನ ಸುಂಕ ಕುವೈತಿನ ಶೇಖನಿಗೆ ಸಲ್ಲುವುದು ಇಬ್ನ್ ಸೌದ್‌ಗೆ ಒಪ್ಪಿಗೆಯಿರಲಿಲ್ಲ. ತನ್ನ ಸುಂಕದ ಅಧಿಕಾರಿಗಳನ್ನು ಕುವೈತಿನಲ್ಲಿ ಕೂರಿಸಲು ಬಿಡಿ, ಇಲ್ಲವೇ ನೀವೇ ವಸೂಲು ಮಾಡಿ ಕೊಡಿ, ಅದೂ ಆಗದಿದ್ದರೆ ಒಂದು ಗಂಟು ಮೊತ್ತ ಕಟ್ಟಿ ಎಂದು ಅವನು ಕೇಳಿದ. ಆಗ ಕುವೈತನ್ನು ಆಳುತ್ತಿದ್ದ ಶೇಖ್ ಅಹ್ಮದ್ ಅಲ್ ಜಾಬಿರ್ ಒಪ್ಪಲಿಲ್ಲ. ಬೇರೆಯವರ ಸುಂಕದವನು ತನ್ನ ಹೆಬ್ಬಾಗಿಲಲ್ಲಿ ಕೂತರೆ ಊರು ತನ್ನದಾಗಿ ಉಳಿಯದು ಎಂಬುದು ಅವನಿಗೆ ಗೊತ್ತಿತ್ತು. 1923ರಲ್ಲಿ ಇಬ್ನ್ ಸೌದ್ ತನ್ನ ಬುಡಕಟ್ಟುಗಳು ಕುವೈತಿನ ಪೇಟೆಗೆ ಕಾಲಿಡಬಾರದೆಂದು ಆಜ್ಞೆ ಮಾಡಿದ. ತನ್ನ ತೀರದ ಉಖೈರ್, ಕತೀಫ್, ಜುಬೈಲ್ ಬಂದರುಗಳ ಮೂಲಕವೇ ಸರಕು ಬರಲಿ ಎಂಬುದು ಉದ್ದೇಶ. ಈ ದಿಗ್ಬಂಧನ 1937ರವರೆಗೆ, ಹೆಚ್ಚುಕಡಿಮೆ ಹದಿನಾಲ್ಕು ವರ್ಷ ನಡೆಯಿತು.

ಅಲ್ಲಿಯವರೆಗೆ ಅಜ್ಜ, ಮುತ್ತಜ್ಜರ ಕಾಲದಿಂದ ಹೋಗುತ್ತಿದ್ದ ಸಂತೆಗೆ ಹೋದವನು ಈಗ ಅಪರಾಧಿ. ಸಿಕ್ಕಿಬಿದ್ದರೆ ಒಂಟೆಯೂ ಸರಕೂ ಕೈಬಿಟ್ಟುಹೋಗುತ್ತಿದ್ದವು. ಆದರೂ ಹಸಿವು ಆಜ್ಞೆಗಿಂತ ಜೋರಾಗಿತ್ತು, ಜನ ರಾತ್ರಿ ಹೊತ್ತಿನಲ್ಲಿ ಕಳ್ಳದಾರಿ ಹಿಡಿದು ಬಂದರು. 1929ರಿಂದ 1936ರವರೆಗೆ ಪೊಲಿಟಿಕಲ್ ಏಜೆಂಟ್ ಆಗಿದ್ದ ಹೆರಾಲ್ಡ್ ಡಿಕ್ಸನ್, ಬೆದೂಯಿನ್ನರ ಬದುಕನ್ನು ಹತ್ತಿರದಿಂದ ಬಲ್ಲವನು, ಕುವೈತನ್ನು ಹಿಂಡಿದ ಈ ಅನ್ಯಾಯದ ಬಗ್ಗೆ ತನ್ನ ಮೇಲಧಿಕಾರಿಗಳಿಗೆ ಮತ್ತೆ ಮತ್ತೆ ಬರೆದ. ಲಂಡನ್ನಿಗೂ ದೆಹಲಿಗೂ ಇಬ್ನ್ ಸೌದ್‌ನ ಸ್ನೇಹ ಹೆಚ್ಚು ಬೇಕಾಗಿತ್ತು. ಅದೇ ವರ್ಷಗಳಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಗೆ ಬಂತು, 1929ರ ಆರ್ಥಿಕ ಕುಸಿತ ಮುತ್ತು ಕೊಳ್ಳುವವರನ್ನೇ ಇಲ್ಲವಾಗಿಸಿತು. ಕುವೈತಿನ ಎರಡೂ ಕೈ ಒಟ್ಟಿಗೇ ಮುರಿದವು. ಊರಿಗೆ ಉಳಿದದ್ದು ಹಡಗು, ಹಡಗು ನಡೆಸುವ ಜಾಣ್ಮೆ, ಸುಂಕ ಹೆಚ್ಚಿರುವ ನೆರೆಹೊರೆ.

ಆ ನೆರೆಯಲ್ಲಿ ಇರಾನ್ ಒಂದು. ದೇಶದ ಉದ್ದಕ್ಕೂ ರೈಲು ಹಾಕುವ ಹಣಕ್ಕಾಗಿ ರೆಝಾ ಶಾ 1925ರಲ್ಲಿ ಚಹಾ, ಸಕ್ಕರೆಗಳನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದ, 1931ರಲ್ಲಿ ಇಡೀ ವಿದೇಶ ವ್ಯಾಪಾರವನ್ನೇ ಸರ್ಕಾರದ ಹಿಡಿತಕ್ಕೆ ತಂದ. ಇರಾನಿನ ಬಡವನ ಮನೆಯಲ್ಲೂ ದಿನಕ್ಕೆ ಹಲವು ಸಲ ಬೇಕಾಗುವ ಎರಡು ಪದಾರ್ಥಗಳ ಬೆಲೆ ಏರಿತು. ಕೊಲ್ಲಿಯ ಈಚೆಗೆ ಅವೇ ಅಗ್ಗ. ಕುವೈತಿನಿಂದಲೂ ದುಬೈನಂಥ ಇತರ ಬಂದರುಗಳಿಂದಲೂ ಸಣ್ಣ ಹಡಗುಗಳು ಚಹಾಪೆಟ್ಟಿಗೆ, ಸಕ್ಕರೆಮೂಟೆ ಹೊತ್ತು ಆಚೆಯ ತೀರದ ಸಣ್ಣ ಅಳಿವೆಗಳಿಗೆ ಹೋಗಿಬರತೊಡಗಿದವು.

ಇನ್ನೊಂದು ನೆರೆ ಇರಾಕ್. 1932ರಲ್ಲಿ ಸ್ವತಂತ್ರವಾದ ಇರಾಕ್ ತನ್ನ ಬೊಕ್ಕಸಕ್ಕೆ ಸುಂಕವನ್ನೇ ನೆಚ್ಚಿಕೊಂಡಿತ್ತು. ಚಹಾ, ಸಕ್ಕರೆ, ಬಟ್ಟೆ, ಸಿಗರೇಟು, ಬಂದೂಕು ಕುವೈತಿನಿಂದ ಮರುಭೂಮಿ ದಾಟಿ ಜುಬೈರ್, ಬಸ್ರಾ ಕಡೆಗೆ ಹೋಗುವುದು ಅದಕ್ಕೆ ದೊಡ್ಡ ನಷ್ಟ. ಕುವೈತ್ ಸರಕು ಇಳಿಯುವಾಗ ತನ್ನ ಹಗುರ ಸುಂಕ ತೆಗೆದುಕೊಳ್ಳುತ್ತಿತ್ತು, ಆಮೇಲೆ ಅದು ಎಲ್ಲಿಗೆ ಹೋಯಿತೆಂದು ವಿಚಾರಿಸುತ್ತಿರಲಿಲ್ಲ. ಇರಾಕಿನ ಸುಂಕದ ಪೊಲೀಸರು ಕಾರುಗಳಲ್ಲಿ ಬೆನ್ನಟ್ಟಿ ಕುವೈತಿನ ನೆಲದೊಳಕ್ಕೆ ನುಗ್ಗಿದ ಪ್ರಸಂಗಗಳು ಮೂವತ್ತರ ದಶಕದಲ್ಲಿ ಮೇಲಿಂದ ಮೇಲೆ ನಡೆದವು. ಇದರ ಜೊತೆಗೆ ಖರ್ಜೂರದ ತೋಟಗಳ ವ್ಯಾಜ್ಯ ಸೇರಿಕೊಂಡಿತು. ಶೇಖನ ಮನೆತನಕ್ಕೆ ಫಾವ್ ಮೊದಲಾದೆಡೆ ಶತ್ ಅಲ್ ಅರಬ್ ದಂಡೆಯಲ್ಲಿ ವಿಶಾಲ ತೋಟಗಳಿದ್ದವು, ಅವುಗಳ ಮೇಲೆ ತೆರಿಗೆ ಬೀಳದಂತೆ ನೋಡಿಕೊಳ್ಳುತ್ತೇವೆಂದು 1914ರಲ್ಲಿ ಬ್ರಿಟಿಷರು ಮುಬಾರಕ್‌ಗೆ ಮಾತು ಕೊಟ್ಟಿದ್ದರು. ಆ ಮಾತಿಗೆ ಸ್ವತಂತ್ರ ಇರಾಕ್ ಕಟ್ಟುಬೀಳಲಿಲ್ಲ. ಒಂದು ಕಡೆ ತೋಟದ ತೆರಿಗೆ, ಇನ್ನೊಂದು ಕಡೆ ಕಳ್ಳಸಾಗಣೆ, ಎರಡೂ ಒಂದೇ ಮಾತುಕತೆಯ ಮೇಜಿನ ಮೇಲೆ ಬಂದು ಕೂತವು.

1938 ಈ ಎಲ್ಲ ಎಳೆಗಳೂ ಗಂಟುಬಿದ್ದ ವರ್ಷ. ಫೆಬ್ರವರಿಯಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು. ಬೇಸಿಗೆಯಲ್ಲಿ ವರ್ತಕರು ಮುಂದಾಗಿ ಒಂದು ಮಜ್ಲಿಸ್, ಅಂದರೆ ಶಾಸನಸಭೆ, ಕಟ್ಟಿ ಸುಂಕಗಳನ್ನು ತಿದ್ದಲು ಹೊರಟರು. ಡಿಸೆಂಬರಿನಲ್ಲಿ ಶೇಖ್ ಅಹ್ಮದ್ ಅದನ್ನು ವಿಸರ್ಜಿಸಿದ. ಬಾಗ್ದಾದಿನ ದೊರೆ ಗಾಝಿ ತನ್ನ ಅರಮನೆಯ ರೇಡಿಯೋದಿಂದ ಕುವೈತ್ ಇರಾಕಿನದೆಂದು ಪ್ರಚಾರ ಮಾಡಿಸಿದ. ಇರಾಕಿನ ವಿದೇಶಾಂಗ ಸಚಿವ ತೌಫೀಕ್ ಅಲ್ ಸುವೈದಿ ಬ್ರಿಟಿಷರ ಮುಂದೆ ಕುವೈತಿನ ಮೇಲಿನ ಹಕ್ಕಿನ ಮಾತೆತ್ತಿದಾಗ, ಓಟೊಮನ್ ಕಾಲದ ಉತ್ತರಾಧಿಕಾರದ ವಾದದೊಡನೆ ಬಂದರಿನ ಕೊರತೆ ಮತ್ತು ಕಳ್ಳಸಾಗಣೆಯ ದೂರೂ ಇತ್ತು. ಮುಂದೆ 1961ರಲ್ಲಿ, 1990ರಲ್ಲಿ ಜಗತ್ತು ಕೇಳಿದ ಹಕ್ಕುಸಾಧನೆಯ ಬೇರನ್ನು ಹುಡುಕುವವರು ಎಣ್ಣೆಯ ಬಾವಿಗಳ ಹತ್ತಿರವೇ ನಿಂತುಬಿಡುತ್ತಾರೆ. ಚಹಾ, ಸಕ್ಕರೆಯ ಮೂಟೆಗಳನ್ನೂ ಎಣಿಸಬೇಕು.

ಆ ಕಾಲದ ಕುವೈತಿನ ನಾವಿಕರನ್ನು ಕಣ್ಣಾರೆ ಕಂಡು ಬರೆದವನು ಆಸ್ಟ್ರೇಲಿಯದ ನಾವಿಕ, ಲೇಖಕ ಆಲನ್ ವಿಲಿಯರ್ಸ್. 1938–39ರಲ್ಲಿ ಅವನು ಅಲಿ ಬಿನ್ ನಾಸಿರ್ ಅಲ್ ನಜ್ದಿ ಎಂಬ ನಖೋದಾನ ಬೂಮ್ ಹತ್ತಿ ಏಡನ್ನಿನಿಂದ ಝಾಂಜಿಬಾರ್, ರುಫಿಜಿ ನದೀಮುಖದವರೆಗೆ ಹೋಗಿ ಕುವೈತಿಗೆ ಬಂದ. ಕಾಯಿದೆಯ ಸರಕು, ಕಾಯಿದೆ ಮೀರಿದ ಸರಕು ಎರಡೂ ಒಂದೇ ಹಡಗಿನಲ್ಲಿ, ಒಂದೇ ಮನುಷ್ಯರ ಕೈಯಲ್ಲಿ ಸಾಗುವ ಲೋಕ ಅದು. ಇತಿಹಾಸಕಾರ ಜೋಹಾನ್ ಮ್ಯಾಥ್ಯೂ 2016ರಲ್ಲಿ ಅರಬ್ಬೀ ಸಮುದ್ರದ ಗುಲಾಮರ, ಶಸ್ತ್ರಗಳ, ಚಿನ್ನಬೆಳ್ಳಿಯ ಸಾಗಣೆಯ ಮೇಲೆ ಪ್ರಕಟಿಸಿದ ಗ್ರಂಥವೂ ಇದನ್ನೇ ತೋರಿಸುತ್ತದೆ: ಕಳ್ಳವ್ಯಾಪಾರ ಮುಕ್ತವ್ಯಾಪಾರದ ಅಂಚಿನಲ್ಲಿ, ಅದರ ಹಡಗು, ಸಾಲ, ನಂಬಿಕೆಗಳನ್ನೇ ಬಳಸಿಕೊಂಡು ಬೆಳೆಯಿತು.

ಕುವೈತಿನ ಕಳ್ಳಸಾಗಣೆ ಕನ್ನಡದ ತೀರವನ್ನೂ ಮುಟ್ಟಿದ್ದು ಚಿನ್ನದ ಕಾಲದಲ್ಲಿ. 1947ರಲ್ಲಿ ಭಾರತ ಪರವಾನಗಿ ಇಲ್ಲದ ಚಿನ್ನದ ಆಮದನ್ನು ನಿಷೇಧಿಸಿತು. ಹೊಸ ದೇಶಕ್ಕೆ ಯಂತ್ರ, ಆಹಾರಧಾನ್ಯ ತರಲು ವಿದೇಶಿ ವಿನಿಮಯ ಬೇಕಿತ್ತು, ಅದನ್ನು ಚಿನ್ನಕ್ಕೆ ಸುರಿಯುವಂತಿರಲಿಲ್ಲ. ಆದರೆ ಮದುವೆಯ ಹೆಣ್ಣಿನ ಕೊರಳು ಸರ್ಕಾರದ ಲೆಕ್ಕ ಕೇಳುವುದಿಲ್ಲ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಔನ್ಸಿಗೆ 35 ಡಾಲರ್ ಎಂದು ನಿಗದಿಯಾಗಿತ್ತು. ಡಾಲರಿಗೆ ಸುಮಾರು 4.76 ರೂಪಾಯಿ. ಆ ಲೆಕ್ಕದಲ್ಲಿ ಹತ್ತು ತೊಲೆಯ ಒಂದು ಬಿಸ್ಕತ್ತಿಗೆ, ಅಂದರೆ 116.64 ಗ್ರಾಮಿಗೆ, ಸುಮಾರು 625 ರೂಪಾಯಿ. ಭಾರತದಲ್ಲಿ 1960ರ ಹೊತ್ತಿಗೆ ಹತ್ತು ಗ್ರಾಮಿಗೆ ನೂರಹತ್ತು ರೂಪಾಯಿಯ ಆಚೀಚೆ ಇದ್ದುದರಿಂದ ಅದೇ ಬಿಸ್ಕತ್ತು 1,280 ರೂಪಾಯಿಗಿಂತ ಹೆಚ್ಚು ಬಾಳುತ್ತಿತ್ತು. ಕಡಲು ದಾಟಿದರೆ ಬೆಲೆ ಇಮ್ಮಡಿ. ನೂರು ಬಿಸ್ಕತ್ತಿನ ತೂಕ 12 ಕಿಲೋ ಮೀರದು, ಜೇಬುಗಳನ್ನು ಸಾಲಾಗಿ ಹೊಲಿದ ಕ್ಯಾನ್ವಾಸ್ ಒಳಅಂಗಿಯೊಳಗೆ ಒಬ್ಬ ಮನುಷ್ಯ ಅದನ್ನು ಹೊರಬಲ್ಲ.

ಕುವೈತಿನಲ್ಲಿ ಚಿನ್ನ ತರಿಸುವುದು ಪೂರ್ತಿ ಕಾನೂನುಬದ್ಧ ವ್ಯಾಪಾರ. ಯೂರೋಪಿನಿಂದ, ಬೈರೂತ್‌ನಿಂದ ವಿಮಾನದಲ್ಲಿ ಬಂದ ಚಿನ್ನವನ್ನು ಅಲ್ಲಿನ ವರ್ತಕರು ಬಹಿರಂಗವಾಗಿ ಕೊಳ್ಳುತ್ತಿದ್ದರು. ಹಡಗು ಭಾರತದ ತೀರಕ್ಕೆ ಹತ್ತಿರವಾದಾಗ ಮಾತ್ರ ಅದು ಅಪರಾಧವಾಗುತ್ತಿತ್ತು. ಈ ದಾರಿ ನಖೋದಾಗಳಿಗೆ ಹೊಸದಲ್ಲ. ತೇಗ, ಹಂಚು, ತೆಂಗಿನ ನಾರು, ಸಾಂಬಾರ ಪದಾರ್ಥ ಕೊಳ್ಳಲು ತಲೆಮಾರುಗಳಿಂದ ಬರುತ್ತಿದ್ದ ತೀರವೇ. ಮುಂಬಯಿ, ಕಲ್ಲಿಕೋಟೆಗಳಲ್ಲಿ ಕುವೈತಿ ವರ್ತಕರ ಮನೆಗಳಿದ್ದವು, ನಂಬಿಕೆಯ ದಲ್ಲಾಳಿಗಳಿದ್ದರು. ಎಣ್ಣೆಯ ರಫ್ತು 1946ರಲ್ಲಿ ಆರಂಭವಾದ ಮೇಲೆ ಖಲಾಸಿಗಳು ಕಂಪನಿಯ ಸಂಬಳಕ್ಕೆ ಹೊರಟುಹೋಗಿ ಖರ್ಜೂರದ ಪ್ರಯಾಣಗಳು ಗಿಟ್ಟದಂತಾಗಿದ್ದವು. ದೊಡ್ಡ ಹಾಯಿಹಡಗನ್ನು ಇನ್ನೂ ಕೆಲವು ವರ್ಷ ಭಾರತದ ಕಡೆಗೆ ನಡೆಸಿದ ಸರಕುಗಳಲ್ಲಿ ಚಿನ್ನ ಒಂದು.

ಈ ಕಡೆ ಕಾರವಾರದಿಂದ ಕಾಸರಗೋಡಿನವರೆಗಿನ ತೀರದ ಸ್ವರೂಪವೇ ಇಂಥ ಕೆಲಸಕ್ಕೆ ಅನುಕೂಲ. ಮೈಲಿಗೊಂದು ಅಳಿವೆ, ತೆಂಗಿನ ತೋಟ, ಮೀನುಗಾರರ ಸಣ್ಣ ದೋಣಿಗಳು, ತೀರದಿಂದ ಕಣ್ಣಳತೆಯಲ್ಲಿ ನಡುಗಡ್ಡೆಗಳು. 1956ಕ್ಕೆ ಮೊದಲು ಕಾರವಾರ ಮುಂಬಯಿ ರಾಜ್ಯದಲ್ಲಿತ್ತು, ಮಂಗಳೂರು ಮತ್ತು ಕಾಸರಗೋಡು ಮದರಾಸಿನಲ್ಲಿದ್ದವು. ಕಾರವಾರದ ಬದಿಯಲ್ಲೇ 1961ರವರೆಗೆ ಪೋರ್ಚುಗೀಸರ ಗೋವಾ ಇತ್ತು. ಅಲ್ಲಿ ಚಿನ್ನದ ಆಮದಿಗೆ ಭಾರತದ ನಿಷೇಧ ಅನ್ವಯಿಸುತ್ತಿರಲಿಲ್ಲ, ನೆಲದ ಗಡಿಯಲ್ಲೂ ಸುಂಕದವರು ಎಚ್ಚರವಾಗಿರಬೇಕಾಗುತ್ತಿತ್ತು. ಈ ಕಸುಬಿನಲ್ಲಿ ಲಾಭ ಉಂಡವರು ದೂರದ ಬಂಡವಾಳಗಾರರು. ದೋಣಿಗೆ ಹುಟ್ಟು ಹಾಕಿ ಸಿಕ್ಕಿಬಿದ್ದು ಜೈಲು ಕಂಡವರು ದಿನಗೂಲಿಯ ಜನ. ಅದರ ನೆನಪು ಕರಾವಳಿಯ ಹಳಬರಲ್ಲಿ ಸಾಹಸದ ಕತೆಯಾಗಿ ಉಳಿದಿದ್ದರೂ ಆ ಸಾಹಸದ ಬೆಲೆ ತೆತ್ತ ಮನೆಗಳನ್ನು ಮರೆಯುವುದು ಸರಿಯಲ್ಲ.

ಚಿನ್ನಕ್ಕೆ ಪ್ರತಿಯಾಗಿ ಹೋಗುತ್ತಿದ್ದುದು ಬಹುಪಾಲು ರೂಪಾಯಿ ನೋಟು. ಕುವೈತಿನಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿಯೇ. ಅಂಚೆಚೀಟಿಗಳೂ 1923ರಿಂದ ಎರಡೂವರೆ ದಶಕದಷ್ಟು ಕಾಲ ಕುವೈತ್ ಎಂದು ಮೇಲೆ ಅಚ್ಚೊತ್ತಿದ ಭಾರತದ ಚೀಟಿಗಳು. ಭಾರತೀಯ ನೋಟಿನ ಭಾಷಾಪಟ್ಟಿಯಲ್ಲಿ ಕನ್ನಡವೂ ಇದ್ದುದರಿಂದ, ಕುವೈತಿನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದಿನವೂ ಕನ್ನಡ ಅಕ್ಷರ ಓಡಾಡುತ್ತಿತ್ತು. ಚಿನ್ನ ಮಾರಿ ಬಂದ ನೋಟಿನ ಕಟ್ಟುಗಳು ಕೊಲ್ಲಿಯ ಬ್ಯಾಂಕುಗಳಲ್ಲಿ ಸೇರಿ, ಅವು ಅವನ್ನು ಭಾರತೀಯ ರಿಸರ್ವ್ ಬ್ಯಾಂಕಿಗೆ ಒಪ್ಪಿಸಿ ಸ್ಟರ್ಲಿಂಗ್ ಕೇಳುತ್ತಿದ್ದವು. ತನ್ನದೇ ನೋಟಿಗೆ ಭಾರತ ಇಲ್ಲವೆನ್ನುವಂತಿಲ್ಲ. ಹೀಗೆ ನಿಷೇಧ ಉಳಿಸಬೇಕಾಗಿದ್ದ ವಿದೇಶಿ ವಿನಿಮಯ ಹಿಂಬಾಗಿಲಿನಿಂದ ಸೋರಿಹೋಗುತ್ತಿತ್ತು. ಕಳ್ಳಸಾಗಣೆಯ ಚಿನ್ನಕ್ಕೆ ಕೊನೆಗೆ ಹಣ ಕೊಡುತ್ತಿದ್ದುದು ಭಾರತ ಸರ್ಕಾರದ ಖಜಾನೆಯೇ.

1959ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಯನ್ನು ತಿದ್ದಿ ಕೊಲ್ಲಿಗೆಂದೇ ಬೇರೆ ನೋಟು ಹೊರಡಿಸಲಾಯಿತು. 1, 5, 10, 100 ರೂಪಾಯಿಗಳ ಈ ನೋಟುಗಳ ವಿನ್ಯಾಸ ಭಾರತದ ನೋಟಿನಂತೆಯೇ, ಬಣ್ಣ ಬೇರೆ, ಕ್ರಮಸಂಖ್ಯೆಯ ಮೊದಲು ಝಡ್ ಅಕ್ಷರ. ಬೆಲೆ ಭಾರತದ ರೂಪಾಯಿಗೆ ಸಮ, ಆದರೆ ಭಾರತದೊಳಗೆ ಚಲಾವಣೆ ಇಲ್ಲ. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟು ಅಚ್ಚಾಯಿತು. ಮುಂಬಯಿಯಲ್ಲಿ ಚಿನ್ನ ಮಾರಿ ಬಂದ ಸಾಮಾನ್ಯ ನೋಟು ಇನ್ನು ಕೊಲ್ಲಿಯ ಬ್ಯಾಂಕಿನಲ್ಲಿ ಸ್ಟರ್ಲಿಂಗ್ ಆಗುವಂತಿರಲಿಲ್ಲ. ಕಳ್ಳಸಾಗಣೆದಾರರ ಮೇಲೆ ಒಂದು ದೇಶ ನೋಟಿನ ಬಣ್ಣ ಬದಲಿಸಿ ಯುದ್ಧ ಹೂಡಿದ ಉದಾಹರಣೆ ಇದು. ಆದರೆ ಬೆಲೆಯ ಅಂತರ ಹಾಗೇ ಉಳಿದದ್ದರಿಂದ ಚಿನ್ನ ನಿಲ್ಲಲಿಲ್ಲ, ಪಾವತಿಯ ರೂಪ ಬದಲಾಯಿತು. ಬೆಳ್ಳಿ ಭಾರತದಿಂದ ಆಚೆಗೆ ಹರಿಯಿತು. ಎರಡು ವರ್ಷದೊಳಗೆ ಕುವೈತ್ ರೂಪಾಯಿಯನ್ನೇ ಬಿಟ್ಟಿತು: 1961ರ ಏಪ್ರಿಲ್ 1ರಂದು ದಿನಾರ್ ಬಂತು, ಒಂದು ದಿನಾರಿಗೆ ಹದಿಮೂರೂವರೆ ರೂಪಾಯಿಗೆ ತುಸು ಕಡಿಮೆ. ಜೂನ್ 19ರಂದು ಕುವೈತ್ ಪೂರ್ಣ ಸ್ವತಂತ್ರವಾಯಿತು. ಆರು ದಿನಗಳ ನಂತರ ಇರಾಕಿನ ಅಬ್ದುಲ್ ಕರೀಂ ಖಾಸಿಂ ಕುವೈತ್ ತನ್ನ ದೇಶದ ಭಾಗವೆಂದು ಘೋಷಿಸಿದ, ಬ್ರಿಟಿಷ್ ಸೈನ್ಯ ಮತ್ತೆ ಬಂದಿಳಿಯಿತು.

ಎಣ್ಣೆಯ ಹಣ ಹೆಚ್ಚಿದಂತೆ ಕುವೈತಿಗೆ ಚಿನ್ನದ ಸಾಹಸ ಬೇಡವಾಯಿತು, ಆ ಮಾರುಕಟ್ಟೆ ಅರವತ್ತರ ದಶಕದಲ್ಲಿ ದುಬೈಗೆ ಸರಿಯಿತು. ಭಾರತದಲ್ಲಿ 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ ಮೀರಿದ ಹೊಸ ಒಡವೆಗೆ ತಡೆ ಹಾಕಿದವು. 1968ರ ಕಾಯಿದೆ, 1974ರ ಕಾಫಿಪೋಸಾ ಎಂಬ ಕಳ್ಳಸಾಗಣೆ ತಡೆ ಕಾಯಿದೆ ಅದನ್ನು ಹಿಂಬಾಲಿಸಿದವು. ಅಕ್ಕಸಾಲಿಗರ ಬಾಳು ಹದಗೆಟ್ಟಿತು, ಕಳ್ಳಚಿನ್ನ ಬತ್ತಲಿಲ್ಲ. 1990ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ರದ್ದಾಗಿ, 1992ರಿಂದ ಹೊರನಾಡಿನಿಂದ ಮರಳುವವರಿಗೆ ಸುಂಕ ಕಟ್ಟಿ ಚಿನ್ನ ತರಲು ಅವಕಾಶವಾದ ಮೇಲೆ ಹಳೆಯ ಸಮುದ್ರಮಾರ್ಗ ಬರಿದಾಯಿತು. ಆ ಹೊತ್ತಿಗೆ ದಕ್ಷಿಣ ಕನ್ನಡ, ಉಡುಪಿ, ಭಟ್ಕಳ ಕಡೆಯ ಸಾವಿರಾರು ಜನ ಕುವೈತಿನಲ್ಲಿ ದುಡಿಯುತ್ತಿದ್ದರು, ಅಲ್ಲಿ ಕನ್ನಡ ಕೂಟವೂ ಕಟ್ಟಿಕೊಂಡಿತ್ತು.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಲ್ಲಿಂದ, ಇರಾಕಿನಿಂದ 1,70,000ಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನಗಳಲ್ಲಿ ತರಲಾಯಿತು. ಅವರಲ್ಲಿ ಕರಾವಳಿಯವರೂ ಇದ್ದರು. ಇರಾಕಿನವರು ಕೇಂದ್ರ ಬ್ಯಾಂಕಿನಿಂದ ದೋಚಿದ ದಿನಾರ್ ನೋಟುಗಳನ್ನು ವಿಮೋಚನೆಯಾದ ಮೇಲೆ ಕುವೈತ್ ಕ್ರಮಸಂಖ್ಯೆ ಹಿಡಿದು ಅಮಾನ್ಯ ಮಾಡಿ, 1991ರ ಮಾರ್ಚಿನಲ್ಲಿ ಹೊಸ ನೋಟು ತಂದಿತು. ಆಗಸ್ಟ್ 6ರಂದೇ ವಿಶ್ವಸಂಸ್ಥೆ 661ನೇ ನಿರ್ಣಯದಿಂದ ಇರಾಕಿಗೆ ವ್ಯಾಪಾರ ನಿರ್ಬಂಧ ಹೇರಿತ್ತು. ಹಿಂದೆ ಕುವೈತಿನಿಂದ ಇರಾಕಿಗೆ ಸಾಗುತ್ತಿದ್ದ ಕಳ್ಳಮಾಲು ಈಗ ದಿಕ್ಕು ಬದಲಿಸಿತು: ಇರಾಕಿನ ಎಣ್ಣೆ ಸಣ್ಣ ಹಡಗುಗಳಲ್ಲಿ ಇರಾನಿನ ಕರೆಯ ನೀರಿಗೆ ಅಂಟಿಕೊಂಡು, ಅಂತರರಾಷ್ಟ್ರೀಯ ಗಸ್ತಿನ ಕಣ್ಣು ತಪ್ಪಿಸಿ ಕೊಲ್ಲಿಯ ಕೆಳಕ್ಕೆ ಇಳಿಯುತ್ತಿತ್ತು.

ಯುದ್ಧ ಮತ್ತು ಕಳ್ಳಸಾಗಣೆಯ ನಂಟು ರಾಜ್ಯಶಾಸ್ತ್ರದ ಗಂಭೀರ ವಿಷಯವಾದದ್ದು ಈ ನಿರ್ಬಂಧಗಳ ದಶಕದ ನಂತರ. ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಪಡೆದು ಬ್ರೌನ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿರುವ ಪೀಟರ್ ಆಂಡ್ರಿಯಾಸ್ ಮೊದಲು ಅಮೆರಿಕ–ಮೆಕ್ಸಿಕೋ ಗಡಿಯನ್ನು, ಆಮೇಲೆ ಮುತ್ತಿಗೆಯೊಳಗಿನ ಸರಯೇವೊ ನಗರದ ಕಾಳಸಂತೆಯನ್ನು ಅಧ್ಯಯನ ಮಾಡಿ, ಯುಗೋಸ್ಲಾವಿಯದ ಮೇಲಿನ ನಿರ್ಬಂಧಗಳು ಅಲ್ಲಿನ ಆಳುವವರನ್ನೂ ಕಳ್ಳಸಾಗಣೆದಾರರನ್ನೂ ಹೇಗೆ ಒಟ್ಟುಗೂಡಿಸಿದವು ಎಂದು ತೋರಿಸಿದರು. ಉತ್ತರ ಆಫ್ರಿಕದ ಗಡಿಪಟ್ಟಣಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಮ್ಯಾಕ್ಸ್ ಗ್ಯಾಲಿಯನ್, ಕಳ್ಳಸಾಗಣೆ ಸರ್ಕಾರದ ಕಣ್ಣಿಗೆ ಬೀಳದೆ ನಡೆಯುತ್ತದೆ ಎಂಬ ನಂಬಿಕೆಯನ್ನೇ ಪ್ರಶ್ನಿಸಿದ್ದಾರೆ: ಎಷ್ಟು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದರ ಬಗ್ಗೆ ಗಡಿಯಲ್ಲಿ ಅಲಿಖಿತ ಕಟ್ಟಳೆಗಳಿರುತ್ತವೆ, ಅಧಿಕಾರಿಗಳೂ ಅದರಲ್ಲಿ ಪಾಲುದಾರರು. ಇವರಿಬ್ಬರ ಕ್ಷೇತ್ರ ಕುವೈತ್ ಅಲ್ಲ. ಆದರೂ ಸಂತೆಗೆ ಬಂದ ಬೆದೂಯಿನ್‌ನನ್ನು, ಸುಂಕ ಪಡೆದು ಸುಮ್ಮನಾದ ಶೇಖನನ್ನು, ಸ್ಟರ್ಲಿಂಗ್ ತೆತ್ತ ರಿಸರ್ವ್ ಬ್ಯಾಂಕನ್ನು ಅರ್ಥ ಮಾಡಿಕೊಳ್ಳಲು ಈ ದೃಷ್ಟಿ ನೆರವಾಗುತ್ತದೆ. ಹಾಯಿಹಡಗು, ನಾವಿಕರ ಲೆಕ್ಕಪತ್ರಗಳನ್ನು ಕುರಿತು ಕುವೈತಿನ ಯಾಕೂಬ್ ಅಲ್ ಹಿಜ್ಜಿ, ಹಿಂದೂ ಮಹಾಸಾಗರದ ಇತಿಹಾಸಕಾರ ಫಹದ್ ಬಿಷಾರಾ ನಡೆಸಿದ ಕೆಲಸ ಇದಕ್ಕೆ ಬೇಕಾದ ಆಧಾರ ಒದಗಿಸಿದೆ.

ಇರಾಕ್–ಕುವೈತ್ ಗಡಿಯನ್ನು ವಿಶ್ವಸಂಸ್ಥೆಯ ಆಯೋಗ ಅಳೆದು ಗುರುತಿಸಿತು, 1993ರಲ್ಲಿ ಭದ್ರತಾ ಮಂಡಳಿ 833ನೇ ನಿರ್ಣಯದಿಂದ ಅದನ್ನು ಖಚಿತಪಡಿಸಿತು. ನೆಲದ ಗಡಿಯಲ್ಲಿ ಕಂದಕ, ಬೇಲಿ ಬಂದವು. ನೀರಿನ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಇರಾಕಿನ ಉಮ್ ಖಸ್ರ್ ಬಂದರಿಗೆ ಹೋಗುವ ಖೋರ್ ಅಬ್ದುಲ್ಲಾ ಜಲಮಾರ್ಗದಲ್ಲಿ ಹಡಗುಗಳ ಸಂಚಾರ ನಿಯಂತ್ರಿಸಲು ಎರಡೂ ದೇಶಗಳು 2012ರಲ್ಲಿ ಒಪ್ಪಂದ ಮಾಡಿಕೊಂಡವು. 2023ರ ಸೆಪ್ಟೆಂಬರಿನಲ್ಲಿ ಇರಾಕಿನ ಫೆಡರಲ್ ಸುಪ್ರೀಂ ಕೋರ್ಟ್ ಆ ಒಪ್ಪಂದವನ್ನು ಅನುಮೋದಿಸಿದ ಕಾನೂನು ಸಂವಿಧಾನಬಾಹಿರವೆಂದು ತೀರ್ಪು ನೀಡಿತು. ಗಡಿಯ ಕತೆಯಂತೆ ಚಿನ್ನದ ಕತೆಯೂ ಮುಗಿಯಲಿಲ್ಲ. ಭಾರತದಲ್ಲಿ ಚಿನ್ನದ ಆಮದು ಸುಂಕ 2013ರಲ್ಲಿ ಶೇಕಡಾ 10ಕ್ಕೆ, 2022ರಲ್ಲಿ ಶೇಕಡಾ 15ಕ್ಕೆ ಏರಿತು; ಕೊಲ್ಲಿಯಿಂದ ಬರುವ ಪ್ರಯಾಣಿಕರ ಬಳಿ ಚಿನ್ನ ಹಿಡಿದ ಸುದ್ದಿ ಮಂಗಳೂರು ವಿಮಾನ ನಿಲ್ದಾಣದಿಂದ ಆ ವರ್ಷಗಳಲ್ಲಿ ಪದೇ ಪದೇ ಬಂತು. 2024ರ ಜುಲೈನಲ್ಲಿ ಸುಂಕವನ್ನು ಶೇಕಡಾ 6ಕ್ಕೆ ಇಳಿಸಲಾಯಿತು.